ಗಾಜಿನ ಪೇಟಿಯೊಳಗೆ ಕೇಳುವ ಸದ್ದು

ಮೊದಲೇ ಹೇಳಿಬಿಡುತ್ತೇನೆ, ನನ್ನ ಮಗಳು ಉಳಿಯಲಿಲ್ಲ. ಕೊನೆಗಾದರೂ ಉಳಿದಾಳು ಎಂಬ ಆಸೆಯಿಂದ ಯಾರೂ ಇದನ್ನು ಓದುವುದು ಬೇಡ. ಅಂಥ ಆಸೆ ಇಟ್ಟುಕೊಂಡು ನಲವತ್ತೊಂದು ದಿನ ಕೂತಿದ್ದವಳು ನಾನು.

ಆದರೂ ಬರೆಯುತ್ತಿದ್ದೇನೆ. ದಿನ ತುಂಬದೆ ಹುಟ್ಟಿದ ಮಕ್ಕಳ ಐಸಿಯು ಹೊರಗೆ, ಚಪ್ಪಲಿ ಬಿಡುವ ಜಾಗದ ಪಕ್ಕದ ಬೆಂಚಿನಲ್ಲಿ ಇವತ್ತೂ ಯಾರೋ ಒಬ್ಬಳು ಕೂತಿರುತ್ತಾಳೆ. ಹೊಟ್ಟೆಯ ಹೊಲಿಗೆ ನೋಯುತ್ತಿರುತ್ತದೆ. ಒಳಗೆ ಕರೆಯಲಿ ಎಂದು ಕಾಯುತ್ತಿರುತ್ತಾಳೆ, ಕರೆದರೆ ಏಳಲು ಹೆದರುತ್ತಾಳೆ. ಅವಳ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತಂತಾಗಲಿ ಎಂದು ಬರೆಯುತ್ತಿದ್ದೇನೆ.

ಎರಡು ಸಾವಿರದ ಎಂಟರ ಮಳೆಗಾಲ. ನಾವು ಡೊಂಬಿವಲಿ ಪೂರ್ವದಲ್ಲಿ, ರೈಲು ಹಳಿಯಿಂದ ಎರಡು ಕಟ್ಟಡ ಆಚೆಗೆ ಒಂದು ರೂಮು, ಒಂದು ಅಡುಗೆಮನೆಯ ಮನೆಯಲ್ಲಿದ್ದೆವು. ನನ್ನ ಗಂಡ ವಸಂತ ತುರ್ಭೆಯ ಒಂದು ವರ್ಕ್‌ಶಾಪಿನಲ್ಲಿ ತಗಡು ಒತ್ತುವ ಪ್ರೆಸ್ ಮಶಿನ್ ನಡೆಸುತ್ತಿದ್ದರು. ಹದಿನಾರು ವರ್ಷ ಆ ಮಶಿನ್ನಿನ ಪಕ್ಕದಲ್ಲಿ ನಿಂತು ಅವರ ಕಿವಿ ಅರ್ಧ ಮಂದವಾಗಿತ್ತು, ಗಂಟಲು ಎರಡರಷ್ಟು ದೊಡ್ಡದಾಗಿತ್ತು. ಉಪ್ಪು ಕೇಳಿದರೂ ಜಗಳ ತೆಗೆದ ಹಾಗೆ ಕೇಳುತ್ತಿತ್ತು. ಮದುವೆಯಾದ ಹೊಸದರಲ್ಲಿ ಪಕ್ಕದ ಮನೆಯ ಮರಾಠಿ ಅಜ್ಜಿ ಒಂದು ದಿನ ನನ್ನನ್ನು ಮೆಟ್ಟಿಲ ಹತ್ತಿರ ಕರೆದು, "ಹೊಡೆಯುತ್ತಾನೇನೇ ನಿನಗೆ?" ಎಂದು ಕೇಳಿದ್ದರು. ಆ ಮಾತು ಹೇಳಿ ನಾವಿಬ್ಬರೂ ಎಷ್ಟೋ ಸಲ ನಕ್ಕಿದ್ದೇವೆ.

ಮದುವೆಯಾಗಿ ಆರು ವರ್ಷಕ್ಕೆ ನಿಂತ ಬಸಿರು ಅದು. ಏಳನೇ ತಿಂಗಳು ಇನ್ನೂ ತುಂಬಿರಲಿಲ್ಲ. ಕಾಲು ಊದಿತ್ತು, ಎರಡು ದಿನದಿಂದ ತಲೆನೋವು. ಬಸುರಿಯರಿಗೆ ಇದೆಲ್ಲ ಇದ್ದದ್ದೇ ಎಂದು ಸುಮ್ಮನಿದ್ದೆ. ಮೂರನೇ ದಿನ ದೋಸೆ ಹೊಯ್ಯುವಾಗ ಕಾವಲಿ ಎರಡೆರಡಾಗಿ ಕಂಡಿತು. ನರ್ಸಿಂಗ್ ಹೋಮಿನ ಡಾಕ್ಟರಮ್ಮ ಬಿಪಿ ನೋಡಿದವರೇ ನನ್ನ ಹತ್ತಿರ ಮಾತಾಡುವುದನ್ನು ಬಿಟ್ಟು ಆಯಾಳ ಹತ್ತಿರ ಮಾತಾಡತೊಡಗಿದರು. ಮಧ್ಯಾಹ್ನದೊಳಗೆ ಆಪರೇಷನ್ ಆಯಿತು. ಮಗು ಅತ್ತದ್ದು ನನಗೆ ಕೇಳಲಿಲ್ಲ. ಅತ್ತಿತೋ ಇಲ್ಲವೋ ಎಂದು ಆಮೇಲೂ ನಾನು ಯಾರನ್ನೂ ಕೇಳಲಿಲ್ಲ.

ಎಚ್ಚರವಾದಾಗ ಮಗು ಅಲ್ಲಿರಲಿಲ್ಲ. ಠಾಣೆಯ ದೊಡ್ಡ ಆಸ್ಪತ್ರೆಗೆ ಆಂಬುಲೆನ್ಸಿನಲ್ಲಿ ಕಳಿಸಿದ್ದರು.

"ಹೆಣ್ಣು. ಪೇಟಿಯಲ್ಲಿ ಇಟ್ಟಿದ್ದಾರೆ, ಗಾಜಿನದ್ದು. ಬಿಸಿ ಇರ್ತದೆ ಒಳಗೆ," ಎಂದರು ಇವರು. ಇಡೀ ವಾರ್ಡು ತಿರುಗಿ ನೋಡಿತು.

"ಎಷ್ಟು ತೂಕ?"

"ಒಂದು ಕಿಲೋಗೆ ಸ್ವಲ್ಪ ಕಮ್ಮಿ." ತಮ್ಮ ಅಂಗೈಯನ್ನು ಚಾಚಿ ತೋರಿಸಿದರು. ಆ ಅಂಗೈ ನೋಡಿ ನಾನು ಕಣ್ಣು ಮುಚ್ಚಿಕೊಂಡೆ.

ನಾಲ್ಕು ದಿನ ನಾನು ಡೊಂಬಿವಲಿಯಲ್ಲಿ, ಅವಳು ಠಾಣೆಯಲ್ಲಿ. ಹೊಟ್ಟೆಯಲ್ಲಿ ಇಲ್ಲ, ತೊಡೆಯ ಮೇಲೂ ಇಲ್ಲ. ಅಕ್ಕಪಕ್ಕದ ಮಂಚಗಳಲ್ಲಿ ಮಕ್ಕಳು ಅಳುತ್ತಿದ್ದವು, ಬೇರೆಯವರ ಮಗುವಿನ ಅಳು ಕೇಳಿ ನನ್ನ ಎದೆಯಲ್ಲಿ ಹಾಲು ಇಳಿಯುತ್ತಿತ್ತು.

ಐದನೇ ದಿನ ಮೊದಲ ಸಲ ಅವಳನ್ನು ನೋಡಿದೆ. ಮೊಣಕೈಯವರೆಗೆ ಕೈ ತೊಳೆಸಿ, ಹಸಿರು ಗೌನು ಹಾಕಿಸಿ ಒಳಗೆ ಬಿಟ್ಟರು. ಮೂಗಿನಲ್ಲಿ ನಳಿಗೆ, ಬಾಯಲ್ಲಿ ನಳಿಗೆ, ಕಾಲಿನ ಹೆಬ್ಬೆರಳಿಗೆ ಕೆಂಪು ದೀಪ. ಚರ್ಮ ಎಷ್ಟು ತೆಳುವೆಂದರೆ ಒಳಗಿನ ಉಸಿರು ಹೊರಗೆ ಕಾಣುತ್ತಿತ್ತು. ಪೇಟಿಗೆ ಅಂಟಿಸಿದ ಚೀಟಿಯಲ್ಲಿ 'ಬೇಬಿ ಆಫ್ ಜಲಜ' ಎಂದಿತ್ತು. ಹೆಸರು ಇಟ್ಟಿರಲಿಲ್ಲ. ಉಡುಪಿಯಿಂದ ಬಂದಿದ್ದ ಅತ್ತೆ, "ಗಂಡಾಂತರ ಕಳೀಲಿ, ಆಮೇಲೆ ಹೆಸರು. ಈಗಲೇ ಬೇಡ," ಎಂದಿದ್ದರು. ಮಗುವನ್ನು ನೋಡಲು ಅವರು ಬರಲೂ ಇಲ್ಲ. ದಿನಾ ಬೆಳಿಗ್ಗೆ ಗಂಜಿ, ಚಟ್ನಿ ಡಬ್ಬಿಗೆ ತುಂಬಿ ಕೊಡುತ್ತಿದ್ದರು, ಸಂಜೆ ಡಬ್ಬಿ ತೊಳೆಯುತ್ತಿದ್ದರು, ಮಗು ಹೇಗಿದೆ ಎಂದು ಮಾತ್ರ ಕೇಳುತ್ತಿರಲಿಲ್ಲ. ಕಲ್ಲು ಮನಸ್ಸಿನ ಹೆಂಗಸು ಎಂದುಕೊಂಡಿದ್ದೆ.

ಐಸಿಯು ಎಂದರೆ ನಿಶ್ಶಬ್ದವಾಗಿರುತ್ತದೆ ಎಂದು ನಾನು ನಂಬಿದ್ದೆ. ನಮ್ಮ ಮನೆಯ ಹತ್ತಿರ ಲೋಕಲ್ ಗಾಡಿ ಹೋಗುವಾಗಲೂ ಅಷ್ಟು ಗಲಾಟೆ ಇರಲಿಲ್ಲ. ಒಂದಲ್ಲ ಒಂದು ಪೇಟಿಯ ಅಲಾರಂ ಕೂಗುತ್ತಲೇ ಇರುತ್ತಿತ್ತು. ಕಸದ ಸ್ಟೀಲ್ ಡಬ್ಬಿಯ ಪೆಡಲ್ ಮೇಲಿಂದ ಕಾಲು ತೆಗೆದರೆ ಮುಚ್ಚಳ ಧಡಾರೆಂದು ಬೀಳುತ್ತಿತ್ತು. ಕಬ್ಬಿಣದ ಸ್ಟೂಲುಗಳನ್ನು ಎತ್ತುವವರಿಲ್ಲ, ಎಳೆಯುವವರೇ. ಔಷಧಿಯ ಬಾಟಲಿಯನ್ನು ಪೇಟಿಯ ಮೇಲೆಯೇ ಟಕ್ಕೆಂದು ಇಡುತ್ತಿದ್ದರು. ಡ್ಯೂಟಿ ಬದಲಾಗುವ ಹೊತ್ತಿಗೆ ಎಂಟು ಹತ್ತು ಜನ ಒಟ್ಟಿಗೆ ಮಾತು. ಯಾರದೋ ಜೇಬಿನಲ್ಲಿ ಮೊಬೈಲು ಹಾಡುತ್ತಿತ್ತು. ಅವರನ್ನು ದೂರುತ್ತಿಲ್ಲ. ಕೆಲಸದ ಜಾಗ ಅದು. ಜೀವ ಉಳಿಸುವ ಗಡಿಬಿಡಿಯಲ್ಲಿ ಮುಚ್ಚಳದ ಸದ್ದು ಯಾರ ಕಿವಿಗೆ ಬೀಳಬೇಕು?

ನನಗೆ ಬೇರೆ ಕೆಲಸವಿರಲಿಲ್ಲ. ನಾನು ಅವಳನ್ನು ಮತ್ತು ತಲೆಯ ಮೇಲಿನ ಪರದೆಯ ಅಂಕಿಯನ್ನು ನೋಡುತ್ತಿದ್ದೆ. ತೊಂಬತ್ತೆರಡು, ತೊಂಬತ್ತಮೂರು, ರಕ್ತದಲ್ಲಿರುವ ಆಮ್ಲಜನಕದ ಅಂಕಿ ಅದು. ಮೂರು ನಾಲ್ಕು ದಿನ ನೋಡಿದ ಮೇಲೆ ಒಂದು ಸಂಗತಿ ಗಮನಕ್ಕೆ ಬಂತು. ಕಸದ ಡಬ್ಬಿಯ ಮುಚ್ಚಳ ಬಿದ್ದಾಗ ಅವಳ ಎರಡೂ ಕೈ ಮೇಲೆದ್ದು, ಬೆರಳುಗಳು ಬಿಚ್ಚಿಕೊಂಡು, ಹಿಡಿಯಲು ಏನೂ ಸಿಗದೆ ಗಾಳಿಯಲ್ಲಿ ನಡುಗುತ್ತಿದ್ದವು. ಆಮೇಲೆ ಅಂಕಿ ಇಳಿಯುತ್ತಿತ್ತು. ಎಂಬತ್ತೆಂಟು. ಎಂಬತ್ತನಾಲ್ಕು. ಆಗ ಅವಳ ಪೇಟಿಯ ಅಲಾರಂ ಹೊಡೆಯುತ್ತಿತ್ತು, ಆ ಸದ್ದಿಗೆ ಪಕ್ಕದ ಪೇಟಿಯ ಮಗು ಬೆಚ್ಚುತ್ತಿತ್ತು.

ಒಬ್ಬ ಚಿಕ್ಕ ಡಾಕ್ಟರಿಗೆ ಹೇಳಿದೆ. ಒಳ್ಳೆಯ ಹುಡುಗ, ಎರಡು ದಿನದಿಂದ ನಿದ್ದೆ ಮಾಡಿರದ ಮುಖ. "ಇಂಥ ಮಕ್ಕಳಿಗೆ ಅಂಕಿ ಏರಿಳಿಯುವುದು ಸಾಮಾನ್ಯ. ನೀವು ಪರದೆ ನೋಡಬೇಡಿ, ಮಗುವನ್ನು ನೋಡಿ," ಎಂದು ಹಿಂದಿಯಲ್ಲಿ ಹೇಳಿ ಮುಂದೆ ಹೋದ. ಮಗುವನ್ನು ನೋಡಿಯೇ ಹೇಳುತ್ತಿದ್ದೇನೆ ಎನ್ನಲು ನನಗೆ ಹಿಂದಿ ಬರುತ್ತಿತ್ತು, ಧೈರ್ಯ ಬರಲಿಲ್ಲ.

ಅಲ್ಲಿನ ಹಿರಿಯ ಸಿಸ್ಟರ್ ಶಕುಂತಲಾ ನಿಪ್ಪಾಣಿ ಕಡೆಯವರು. ನಾನು ಪೇಟಿಯ ಹತ್ತಿರ ಬಗ್ಗಿ ಕನ್ನಡದಲ್ಲಿ ಏನೋ ಗೊಣಗುತ್ತಿದ್ದುದು ಅವರ ಕಿವಿಗೆ ಬಿತ್ತು.

"ವೈನೀ, ಕನ್ನಡದವರೇನ್ರೀ? ಏನಂತೀರಿ ಮಗಳಿಗೆ?"

ಅಳು ಬಂತು. ಅಳುತ್ತಲೇ ಮುಚ್ಚಳದ ವಿಷಯ ಹೇಳಿದೆ. ನಗುತ್ತಾರೆ ಎಂದುಕೊಂಡಿದ್ದೆ. ಅವರು ಸ್ಟೂಲನ್ನು ಎತ್ತಿ ತಂದು ನನ್ನ ಪಕ್ಕದಲ್ಲಿ ಇಟ್ಟು ಕೂತರು.

"ತೋರಸ್ರಿ ನನಗ."

ಮುಕ್ಕಾಲು ಗಂಟೆ ಕೂತಿದ್ದರು. ಮುಚ್ಚಳ ಮೂರು ಸಲ ಬಿತ್ತು. ಮೂರನೆಯ ಸಲ ನಾನು ಪರದೆಯತ್ತ ಕೈ ತೋರಿಸಲಿಲ್ಲ, ಅವರೇ ನೋಡುತ್ತಿದ್ದರು. ಎದ್ದು ನಿಂತು, "ಹದಿನೆಂಟು ವರ್ಷ ಆತ್ರೀ ನಾ ಈ ಕೆಲಸಾ ಮಾಡಾಕತ್ತು. ಕೂತು ನೋಡಿದ್ದಿಲ್ಲ," ಎಂದರು.

ಮರುದಿನ ಅವರು ಒಂದು ಕೆಲಸ ಮಾಡಿದರು. ಮೂಲೆಯಲ್ಲಿ ಒಂದು ಖಾಲಿ ಪೇಟಿ ಇತ್ತು. ಅದರ ಒಂದು ಬದಿಯ ಗಾಜು ಇಳಿಸಿ ಒಳಗೆ ನನ್ನ ತಲೆ ತೂರಿಸಲು ಹೇಳಿದರು. ಹೊರಗಿನಿಂದ ಗಾಜಿನ ಮೇಲೆ ಒಂದೇ ಒಂದು ಬೆರಳಿನಿಂದ ತಟ್ಟಿದರು. ನನ್ನ ತಲೆಯ ಮೇಲೆ ತೆಂಗಿನಕಾಯಿ ಒಡೆದ ಹಾಗಾಯಿತು. ಬಾಟಲಿ ಇಟ್ಟರು, ಹಲ್ಲಿನವರೆಗೆ ಕೇಳಿತು. ಇನ್ನೊಂದು ಬದಿಯಲ್ಲಿ ಕೈ ತೂರಿಸುವ ಕಿಂಡಿಯ ಬಾಗಿಲನ್ನು ದಿನಾ ಹಾಕುವ ಹಾಗೆಯೇ ಚಟ್ಟೆಂದು ಹಾಕಿದರು. ನಾನು ತಲೆ ಹೊರಗೆಳೆದುಕೊಂಡು ನೆಲದ ಮೇಲೆ ಕೂತುಬಿಟ್ಟೆ. ಒಂದು ಕಿಲೋ ಕೂಡ ಇಲ್ಲದ ನನ್ನ ಮಗು ಹತ್ತು ದಿನದಿಂದ ಇದರೊಳಗಿತ್ತು.

ಆ ದಿನ ಸಿಸ್ಟರ್ ಒಬ್ಬೊಬ್ಬರನ್ನೇ ಕರೆದು ಖಾಲಿ ಪೇಟಿಯೊಳಗೆ ತಲೆ ಹಾಕಿಸಿದರು. ನರ್ಸುಗಳು, ಆ ಚಿಕ್ಕ ಡಾಕ್ಟರು, ನೆಲ ಒರೆಸುವ ಮಾವಶಿ. ಡಾಕ್ಟರು ಹೊರಗೆ ಬಂದು ಕಿವಿ ಉಜ್ಜಿಕೊಂಡ, ನನ್ನತ್ತ ನೋಡಿ "ಸಾರಿ" ಎಂದ. ಮಾವಶಿಯಂತೂ "ಅರೆ ದೇವಾ, ಅರೆ ದೇವಾ," ಎಂದು ಗಲ್ಲ ಬಡಿದುಕೊಂಡು ಅತ್ತುಬಿಟ್ಟಳು. ಅಂದಿನಿಂದ ಅವಳು ಕಸದ ಡಬ್ಬಿಯ ಮುಚ್ಚಳವನ್ನು ಕೈಯಲ್ಲಿ ಹಿಡಿದು, ಮಲಗಿದ ಮಗುವಿಗೆ ಹೊದಿಕೆ ಹೊದಿಸಿದ ಹಾಗೆ ಇಳಿಸುತ್ತಿದ್ದಳು.

ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಶಾಂತ ಹೊತ್ತು ಎಂದು ಗೊತ್ತುಮಾಡಿದರು. ದೊಡ್ಡ ಡಾಕ್ಟರಿಂದ ಒಪ್ಪಿಗೆ ಪಡೆಯಲು ಸಿಸ್ಟರಿಗೆ ಒಂದು ವಾರ ಬೇಕಾಯಿತು. ಆ ಎರಡು ಗಂಟೆ ರೌಂಡ್ಸ್ ಇಲ್ಲ, ಫೋನ್ ಇಲ್ಲ, ಅರ್ಧ ದೀಪ ಆರಿಸುವುದು, ಪೇಟಿಗಳ ಮೇಲೆ ಬಟ್ಟೆ ಹೊದಿಸುವುದು, ಅಲಾರಂ ಹೊಡೆದರೆ ಯಾರು ಹತ್ತಿರವಿದ್ದಾರೋ ಅವರು ಓಡಿ ಬಂದು ನೋಡಿ ತಗ್ಗಿಸುವುದು. ಎಲ್ಲ ದಿನ ಇದು ನಡೆಯಲಿಲ್ಲ. ಹೊಸ ಮಗು ಬಂದರೆ, ಯಾರಿಗಾದರೂ ಉಸಿರು ನಿಂತರೆ ಮತ್ತೆ ಗದ್ದಲ. ನಡೆದ ದಿನ ಮಾತ್ರ ನನ್ನ ಮಗಳು ಹಣೆಯ ಗಂಟು ಬಿಚ್ಚಿ ನಿದ್ದೆ ಮಾಡುತ್ತಿದ್ದಳು.

ಇವರಿಗೆ ಮನೆಯಲ್ಲಿ ಎಲ್ಲ ಹೇಳಿದೆ. ಮಾರನೇ ದಿನ ತುರ್ಭೆಯಿಂದ ಬರುವಾಗ ಚೀಲದಲ್ಲಿ ರಬ್ಬರ್ ಶೀಟು ತಂದರು. ಮಶಿನ್ನಿನ ಅಡಿಗೆ ಹಾಕುವ ದಪ್ಪ ರಬ್ಬರು. ಸ್ಟೂಲಿನ ಕಾಲುಗಳಿಗೆ ಬಿರಡೆ ಕತ್ತರಿಸಿದರು, ಕಸದ ಡಬ್ಬಿಗಳ ಬಾಯಿಗೆ ಪಟ್ಟಿ ಅಂಟಿಸಿದರು. ಸಿಸ್ಟರ್ ಅವನ್ನೆಲ್ಲ ಸ್ಪಿರಿಟ್ಟಿನಲ್ಲಿ ಒರೆಸಿ ಒಳಗೆ ತೆಗೆದುಕೊಂಡರು. ಇವರು ಬಾಗಿಲ ಹೊರಗೆ ನಿಂತು, ಒಳಗೆ ಮುಚ್ಚಳ ಬೀಳುವುದನ್ನು ಕೇಳಲು ತಲೆ ಓರೆ ಮಾಡಿದರು.

"ಬಿತ್ತಾ?" ಎಂದು ಬಾಗಿಲ ಗಾಜಿನಿಂದ ಒಳಗೆ ನೋಡುತ್ತಿದ್ದ ನನ್ನನ್ನು ಕೇಳಿದರು.

"ಬಿತ್ತು."

"ನಂಗೆ ಕೇಳ್ಲಿಲ್ಲ."

"ನಂಗೂ ಕೇಳ್ಲಿಲ್ಲ," ಎಂದೆ. ಆಗ ಅವರ ಮುಖ ನೋಡಬೇಕಿತ್ತು.

ಆದರೆ ಅವರು ಮಗುವಿನ ಹತ್ತಿರ ಮಾತಾಡುತ್ತಿರಲಿಲ್ಲ. ಮೊದಲ ದಿನವೇ ಒಬ್ಬ ನರ್ಸು "ಜೋರಾಗಿ ಮಾತಾಡಬೇಡಿ" ಎಂದು ಗದರಿದ್ದಳಂತೆ. ಅಂದಿನಿಂದ ಒಳಗೆ ಬಂದರೆ ತುಟಿ ಬಿಗಿದುಕೊಂಡು, ಕೈಕಟ್ಟಿ ನಿಲ್ಲುತ್ತಿದ್ದರು. ತಮ್ಮ ಗಂಟಲು ಆ ಪೇಟಿಯನ್ನು ಒಡೆದುಬಿಡುತ್ತದೆ ಎಂಬ ಭಯ.

ನಾನು ದಿನಾ ಶಾಂತ ಹೊತ್ತಿನಲ್ಲಿ ಅವಳನ್ನು ಎದೆಯ ಮೇಲೆ ಮಲಗಿಸಿಕೊಳ್ಳುತ್ತಿದ್ದೆ. ನಳಿಗೆಗಳ ಸಮೇತ ಸಿಸ್ಟರ್ ಎತ್ತಿ ನನ್ನ ರವಿಕೆಯೊಳಗೆ ಇಡುತ್ತಿದ್ದರು. ಒಂದು ಭಾನುವಾರ ಇವರೂ ಪಕ್ಕದಲ್ಲಿದ್ದರು.

"ಭಾವೂಜಿ, ನೀವೂ ಮಾತಾಡ್ರಿ. ಆಕಿಗೆ ಅಪ್ಪನ ದನಿ ಗುರ್ತಾ ಆಗಬೇಕಲ್ಲ," ಎಂದರು ಸಿಸ್ಟರ್.

ಇವರು ತಲೆ ಅಲ್ಲಾಡಿಸಿದರು. ಬೇಡ.

"ಪಿಸುಮಾತಿನಾಗ ಹೇಳ್ರಿ."

"ನಂಗೆ ಪಿಸುಗುಟ್ಟಲಿಕ್ಕೆ ಬರುದಿಲ್ಲ ಸಿಸ್ಟರ್," ಎಂದರು ಇವರು. ಅದನ್ನು ಹೇಳಿದ್ದು ಎಷ್ಟು ಮೆಲ್ಲಗೆ ಎಂದರೆ, ಅವರ ಬಾಯಿಂದ ಅಂಥ ಸ್ವರ ನಾನು ಆರು ವರ್ಷದಲ್ಲಿ ಕೇಳಿರಲಿಲ್ಲ. ತಾವು ಹೇಳಿದ್ದು ಅವರಿಗೇ ಕೇಳಿರಲಿಲ್ಲ. ಸಿಸ್ಟರ್ ನಕ್ಕು, "ಬಂತಲ್ರೀ, ಅದ ನೋಡ್ರಿ," ಎಂದರು.

ಹಾಗೆ ಕಲಿತರು. ಎಷ್ಟು ತಗ್ಗಿಸಬೇಕೆಂದು ತಿಳಿಯಲು ಗಂಟಲಿನ ಮೇಲೆ ಬೆರಳಿಟ್ಟುಕೊಂಡು ಮಾತಾಡುತ್ತಿದ್ದರು. ಸ್ವರ ಏರಿದರೆ ನಾನು ಮಂಡಿ ತಟ್ಟುತ್ತಿದ್ದೆ. ಏನು ಹೇಳುವುದೆಂದು ಗೊತ್ತಾಗದೆ ಮೊದಲು ಸ್ಟೇಷನ್ನುಗಳ ಹೆಸರು ಹೇಳಿದರು. ಡೊಂಬಿವಲಿ, ಕೋಪರ್, ದಿವಾ, ಮುಂಬ್ರಾ, ಕಳವಾ, ಠಾಣೆ. ದಿನಾ ನಿನ್ನನ್ನು ನೋಡಲು ಈ ದಾರಿಯಲ್ಲಿ ಬರುತ್ತೇನೆ ಮಗಾ ಎಂದರು. ಅವಳು ಅವರ ಕಿರುಬೆರಳನ್ನು ಹಿಡಿದಿದ್ದಳು. ಹಿಡಿದಿದ್ದಳು ಎಂದರೆ ಬೆರಳಿನ ಅರ್ಧ ಸುತ್ತೂ ಬರುತ್ತಿರಲಿಲ್ಲ ಅವಳ ಕೈ.

ಮೂವತ್ತನೇ ದಿನದ ಹೊತ್ತಿಗೆ ಅವಳು ಒಂದು ಕಿಲೋ ದಾಟಿದ್ದಳು. ಉಸಿರಾಟದ ದೊಡ್ಡ ಮಶಿನ್ ತೆಗೆದು, ಮೂಗಿನ ಸಣ್ಣ ನಳಿಗೆ ಮಾತ್ರ ಇಟ್ಟಿದ್ದರು. ನಾನು ಹಿಂಡಿ ಕೊಟ್ಟ ಹಾಲು ನಳಿಗೆಯಲ್ಲಿ ಹೋಗಿ ಅರಗುತ್ತಿತ್ತು. ಬೆಂಚಿನಲ್ಲಿ ಕೂತ ನಾವು ತಾಯಂದಿರು ಗ್ರಾಮಿನ ಲೆಕ್ಕದಲ್ಲೇ ಮಾತಾಡುತ್ತಿದ್ದೆವು. ಹದಿನೈದು ಗ್ರಾಂ ಹೆಚ್ಚಾದ ದಿನ ಹಬ್ಬ. ನಾನು ಮನೆಯಲ್ಲಿ ಒಂದು ಹಳೆಯ ವಾಯಿಲ್ ಸೀರೆ ಹರಿದು ಬಟ್ಟೆಗಳನ್ನು ಮಾಡಿಟ್ಟೆ. ಅತ್ತೆ ನೋಡಿದರು. ಮಾರನೇ ದಿನ ಆ ಬಟ್ಟೆಗಳ ಅಂಚನ್ನು ಯಾರೋ ಸಣ್ಣ ಹೊಲಿಗೆ ಹಾಕಿ ಮಡಚಿಟ್ಟಿದ್ದರು.

ಮೂವತ್ತೆಂಟನೇ ದಿನ ಹಾಲು ಅರಗಲಿಲ್ಲ. ಹೊಟ್ಟೆ ಉಬ್ಬಿತು, ನೀಲಿಗಟ್ಟಿದ ಹಾಗೆ ಹೊಳೆಯಿತು. ಕರುಳಿಗೆ ಸೋಂಕು ಎಂದರು. ಹಾಲು ನಿಲ್ಲಿಸಿದರು, ತೆಗೆದಿದ್ದ ದೊಡ್ಡ ಮಶಿನ್ ಮತ್ತೆ ಹಾಕಿದರು. ದೊಡ್ಡ ಡಾಕ್ಟರು ನಮ್ಮನ್ನು ಕೂರಿಸಿ ಹೇಳಿದ್ದು ನೆನಪಿಲ್ಲ, ಅವರು ಮೇಜಿನ ಮೇಲೆ ಕಾಗದ ಹಾರದಂತೆ ಇಡುವ ಗಾಜಿನ ಗುಂಡನ್ನು ಈ ಕೈಯಿಂದ ಆ ಕೈಗೆ ದಾಟಿಸುತ್ತಿದ್ದುದು ನೆನಪಿದೆ.

ಗಣಪತಿ ವಿಸರ್ಜನೆಯ ದಿನಗಳು ಅವು. ಮೂವತ್ತೊಂಬತ್ತನೇ ದಿನ ಮಧ್ಯಾಹ್ನದ ಮೇಲೆ ಆಸ್ಪತ್ರೆಯ ಮುಂದಿನ ರಸ್ತೆಯಲ್ಲಿ ಢೋಲಿನ ಮೆರವಣಿಗೆ ಬಂತು. ಮುಚ್ಚಿದ ಕಿಟಕಿಯ ಗಾಜು ಢೋಲಿನ ಪೆಟ್ಟಿಗೆ ಝಣಝಣ ಅನ್ನುತ್ತಿತ್ತು. ಪೇಟಿಗಳಲ್ಲಿದ್ದ ಒಂಬತ್ತು ಮಕ್ಕಳ ಅಲಾರಂಗಳು ಒಂದರ ಹಿಂದೆ ಒಂದು ಎದ್ದವು. ಇವರು ಮೆಟ್ಟಿಲಿಳಿದು ಓಡಿದರು. ನಾನು ಮೇಲಿನ ಕಿಟಕಿಯಿಂದ ನೋಡುತ್ತಿದ್ದೆ. ಢೋಲು ಬಾರಿಸುವವರ ಮುಂದೆ ಬಿಳಿ ಕುರ್ತಾ ತೊಟ್ಟ ಹುಡುಗಿಯೊಬ್ಬಳು ಬಾವುಟ ಹಿಡಿದು ನಡೆಸುತ್ತಿದ್ದಳು. ಇವರು ಅವಳ ಮುಂದೆ ನಿಂತು ಕೈಮುಗಿದು ಏನೋ ಹೇಳಿದರು. ಎರಡು ಮೂರು ವಾರದಿಂದ ಪಿಸುಗುಟ್ಟಿ ಪಿಸುಗುಟ್ಟಿ ಅಭ್ಯಾಸವಾಗಿತ್ತೋ ಏನೋ, ಅವಳಿಗೆ ಕೇಳಲಿಲ್ಲ. ಆಗ ಇವರು ತಲೆಯೆತ್ತಿ ಕೂಗಿದರು. ಮೂರನೇ ಮಾಳಿಗೆಯಲ್ಲಿ ಗಾಜಿನ ಆಚೆಗಿದ್ದ ನನಗೂ ಕೇಳಿತು.

"ಊಪರ್ ಛೋಟೆ ಬಚ್ಚೆ ಹೈಂ! ಪೇಟೀ ಮೇಂ ಹೈಂ! ಮೇರೀ ಬೇಟೀ ಹೈ!"

ಮೇಲೆ ಪೇಟಿಯಲ್ಲಿ ಸಣ್ಣ ಮಕ್ಕಳಿವೆ, ನನ್ನ ಮಗಳಿದ್ದಾಳೆ ಎಂದದ್ದು ಕೇಳಿದ್ದೇ ಹುಡುಗಿ ಬಾವುಟ ಇಳಿಸಿದಳು. ಅಷ್ಟೂ ಢೋಲು ಒಟ್ಟಿಗೆ ನಿಂತವು. ಮುಂದಿನ ಸಿಗ್ನಲ್ಲಿನವರೆಗೆ ಆ ಗಣಪತಿ ಸದ್ದಿಲ್ಲದೆ ಹೋದ. ಜನರ ಚಪ್ಪಲಿಯ ಸಪ್ಪಳ ಮಾತ್ರ ಕೇಳುತ್ತಿತ್ತು. ಹಿಂದೆ ಬಂದ ಇನ್ನೊಂದು ಮೆರವಣಿಗೆ ನಿಲ್ಲಿಸಲಿಲ್ಲ, ಅದೂ ನಿಜ. ಆದರೆ ಮೊದಲನೆಯದು ನಿಂತಿತ್ತು.

ನಲವತ್ತೊಂದನೇ ದಿನ ಬೆಳಿಗ್ಗೆ ಸಿಸ್ಟರ್ ಶಕುಂತಲಾ ರಜೆಯಲ್ಲಿದ್ದರೂ ಬಂದರು. ಅವರನ್ನು ನೋಡಿದ ಕೂಡಲೇ ನನಗೆ ತಿಳಿಯಿತು.

"ವೈನೀ, ಮನ್ಯಾಗ ಯಾರರೆ ಇದ್ರ ಕರಸ್ಕೋರಿ," ಎಂದರು.

ಅತ್ತೆ ಬರುವುದಿಲ್ಲ ಎಂದುಕೊಂಡಿದ್ದೆ. ಎರಡೇ ತಾಸಿನೊಳಗೆ ಬಂದರು, ಪಕ್ಕದ ಮನೆಯ ಮರಾಠಿ ಅಜ್ಜಿಯ ಕೈ ಹಿಡಿದು. ಲೋಕಲ್ ಗಾಡಿ ಹತ್ತಲು ಹೆದರುವ ಹೆಂಗಸು. ಕೈ ತೊಳೆದು, ಗೌನು ಹಾಕಿಸಿಕೊಂಡು, ಒಳಗೆ ಬಂದು, ಮೊದಲ ಸಲ ಮೊಮ್ಮಗಳನ್ನು ನೋಡಿದರು. ತುಂಬ ಹೊತ್ತು ನೋಡಿದರು.

"ನಂದೂ ಒಂದು ಹೀಗೇ ಇತ್ತು, ಜಲಜ. ವಸಂತನಿಗಿಂತ ಮೊದಲು. ಏಳು ತಿಂಗಳಿಗೆ," ಎಂದರು. "ಮೂರು ದಿನ ಇತ್ತು. ಹೆಸರಿಡ್ಲಿಲ್ಲ. ಹೆಸರಿಡದ ಮಗುವಿಗೆ ಅಳಬಾರ್ದು ಅಂದ್ರು. ನಾನು ಅಳ್ಲೂ ಇಲ್ಲ."

ಇವರು ತಾಯಿಯನ್ನೇ ನೋಡುತ್ತಿದ್ದರು. ಅವರಿಗೂ ಈ ವಿಷಯ ಗೊತ್ತಿರಲಿಲ್ಲ. ಒಬ್ಬಳು ಅಕ್ಕ ಇದ್ದಳು ಎಂಬುದು ಅವರಿಗೆ ತಿಳಿದದ್ದು ಆ ಗಳಿಗೆಯಲ್ಲಿ.

ಮಗುವನ್ನು ನನ್ನ ಎದೆಯ ಮೇಲೆ ಮಲಗಿಸಿದರು. ಸಿಸ್ಟರ್ ಅವಳ ಪೇಟಿಯ ಅಲಾರಂ ಪೂರ್ತಿ ನಿಲ್ಲಿಸಿದರು, ಪರದೆಯನ್ನು ಗೋಡೆಯತ್ತ ತಿರುಗಿಸಿದರು. ನಾನು ಆ ಸದ್ದು ನಿಲ್ಲಲಿ ಎಂದು ಎಷ್ಟು ದಿನ ಬೇಡಿಕೊಂಡಿದ್ದೆ. ನಿಂತಾಗ, ಮತ್ತೆ ಒಂದೇ ಒಂದು ಸಲ ಹೊಡೆಯಲಿ ಎಂದು ಕಾದೆ.

ಅತ್ತೆ ಬಗ್ಗಿದರು. ಮಗುವಿನ ಬಲಗಿವಿಗೆ, ಬೆಳ್ಳುಳ್ಳಿಯ ಎಸಳಿನಷ್ಟಿದ್ದ ಆ ಕಿವಿಗೆ, ಮೂರು ಸಲ ಹೇಳಿದರು. "ಕುಸುಮ. ಕುಸುಮ. ಕುಸುಮ." ಅದು ಅವರ ಮೊದಲ ಮಗುವಿಗೆ ಅವರು ಮನಸ್ಸಿನಲ್ಲೇ ಇಟ್ಟಿದ್ದ ಹೆಸರಂತೆ. ಆಮೇಲೆ ಇವರು ಗಂಟಲಿನ ಮೇಲೆ ಬೆರಳಿಟ್ಟುಕೊಂಡು ಮಾತಾಡಿದರು. ಏನು ಹೇಳಿದರೆಂದು ನಾನು ಬರೆಯುವುದಿಲ್ಲ, ಅದು ಅವಳಿಗೆ ಹೇಳಿದ್ದು. ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ಅವಳು ಹೋದಳು. ವಾರ್ಡಿನಲ್ಲಿ ಯಾರೂ ಸ್ಟೂಲು ಎಳೆಯಲಿಲ್ಲ.

ಹೊರಡುವ ಮೊದಲು ಸಿಸ್ಟರಿಗೆ ಕೇಳಿದೆ. "ಆ ಸದ್ದಿನಿಂದಲೇ ಹೀಗಾಯ್ತಾ? ಮೊದಲೇ ನಿಲ್ಲಿಸಿದ್ರೆ?"

ಅವರು ನನ್ನ ಎರಡೂ ಭುಜ ಹಿಡಿದರು. "ಇಲ್ರೀ. ಸುಳ್ಳು ಹೇಳಂಗಿಲ್ಲ ನಿಮಗ. ಸೋಂಕು ಒಯ್ತು ಆಕಿನ್ನ, ಸದ್ದಲ್ಲ. ಆದ್ರ ಇದ್ದಷ್ಟು ದಿನ ಚಲೋ ನಿದ್ದಿ ಮಾಡಿದ್ಲು. ಅದನ್ನ ನೀವ ಕೊಟ್ಟಿದ್ದು."

ನನ್ನ ಎದೆಗೆ ಸುದ್ದಿ ತಲುಪಿರಲಿಲ್ಲ. ಮೂರು ಹೊತ್ತೂ ಹಾಲು ಬರುತ್ತಿತ್ತು. ಡೊಂಬಿವಲಿ ಸ್ಟೇಷನ್ನಿನ ಹೊರಗೆ ಹೂ ಮಾರುವವಳಿಂದ ಅತ್ತೆ ರಾಶಿ ಮೊಗ್ಗಿನ ಗಜರಾ ತಂದು, ನನ್ನ ಎದೆಗೆ ಕಟ್ಟಿದರು. ಮಲ್ಲಿಗೆ ಕಟ್ಟಿದರೆ ಹಾಲು ಬತ್ತುತ್ತದೆಯಂತೆ. ಮದುವೆಯ ದಿನ ಮುಡಿದಷ್ಟು ಹೂವು. ಮೂರು ದಿನ ಮನೆಯಿಡೀ ಮಲ್ಲಿಗೆಯ ವಾಸನೆ, ಅತ್ತೆ ಸೊಸೆ ಇಬ್ಬರೂ ಅಳುತ್ತಿದ್ದೆವು. ಅವರು ಇಬ್ಬರಿಗಾಗಿ ಅತ್ತರು.

"ಇನ್ನೂ ವಯಸ್ಸಿದೆ, ಮತ್ತೆ ಆಗುತ್ತೆ," ಎಂದು ಬಂದವರೆಲ್ಲ ಹೇಳಿದರು. ಮತ್ತೆ ಆಗಲಿಲ್ಲ. ಕುಕ್ಕರಿನ ಸೀಟಿ ಒಂದು ವರ್ಷ ನನಗೆ ತಡೆಯುತ್ತಿರಲಿಲ್ಲ, ಅನ್ನವನ್ನು ಪಾತ್ರೆಯಲ್ಲಿ ಬೇಯಿಸುತ್ತಿದ್ದೆ. ಇವರು ಮನೆಯಲ್ಲಿ ಮೆಲ್ಲಗೇ ಮಾತಾಡುವುದನ್ನು ಬಿಡಲಿಲ್ಲ. ಆಗಾಗ ನಾನೇ, "ಸ್ವಲ್ಪ ಜೋರಾಗಿ ಹೇಳಿ ಮಾರಾಯ್ರೆ," ಎನ್ನುತ್ತಿದ್ದೆ. ದುಃಖ ಕಡಿಮೆಯಾಯಿತೇ ಎಂದು ಕೆಲವರು ಕೇಳುತ್ತಾರೆ. ಅದರ ಜೊತೆ ಅಡುಗೆ ಮಾಡುವುದು, ಗಾಡಿ ಹತ್ತುವುದು, ನಗುವುದು ಕಲಿತಿದ್ದೇನೆ.

ಎರಡು ವರ್ಷದ ಮೇಲೆ ನಾವು ನೆರೂಳಿಗೆ ಬಂದೆವು, ಇವರಿಗೆ ತುರ್ಭೆ ಹತ್ತಿರವಾಯಿತು. ನಾನು ನಮ್ಮ ಕಡೆಯ ಊಟದ ಡಬ್ಬಿ ಮಾಡಿ ಕೊಡಲು ಶುರುಮಾಡಿದೆ. ಸೀವುಡ್ಸಿನ ಒಂದು ಮನೆಯಲ್ಲಿ ಬೆಂಗಳೂರಿನ ರಶ್ಮಿ, ಕಾರ್ತಿಕ್ ಎಂಬ ದಂಪತಿ, ಇಬ್ಬರೂ ಆಫೀಸಿಗೆ ಹೋಗುವವರು, ದಿನಾ ಡಬ್ಬಿ ತರಿಸುತ್ತಿದ್ದರು. ಕೆಲವು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ಕಾರ್ತಿಕನ ಫೋನು ಬಂತು. "ಆಂಟಿ, ಇವತ್ತು ಊಟ ಬೇಡ," ಎಂದ. ರಶ್ಮಿಗೆ ಏಳನೇ ತಿಂಗಳಿಗೇ ಗಂಡುಮಗು ಹುಟ್ಟಿ ನಾಲ್ಕು ದಿನವಾಗಿತ್ತು, ಪೇಟಿಯಲ್ಲಿತ್ತು.

ಹೋಗುವುದೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಆಸ್ಪತ್ರೆಯ ವಾಸನೆಗೆ ಹೆದರಲಿಲ್ಲ. ಮಗು ಕಳೆದುಕೊಂಡವಳು ಅಂಥ ಜಾಗಕ್ಕೆ ಕಾಲಿಡಬಾರದು ಎಂದು ಜನ ಎನ್ನುತ್ತಾರಲ್ಲ, ಅದಕ್ಕೆ ಹೆದರಿದೆ. ಕೊನೆಗೆ ಗಂಜಿ ಕಟ್ಟಿಕೊಂಡು ಹೋದೆ.

ರಶ್ಮಿ ಬೆಂಚಿನ ತುದಿಯಲ್ಲಿ ಕೂತಿದ್ದಳು. ಅವಳ ಅಮ್ಮ ಪಕ್ಕದಲ್ಲಿ. ಕೈ ಹಿಡಿದು ಕೂತೆ. ಒಳಗೆ ಏನೇನಿರುತ್ತದೆ, ಯಾವ ಅಲಾರಂ ಹೊಡೆದರೆ ಹೆದರಬಾರದು, ಕಿಂಡಿಯ ಬಾಗಿಲನ್ನು ಹೇಗೆ ಎರಡು ಕೈಯಲ್ಲಿ ಹಿಡಿದು ಮುಚ್ಚಬೇಕು ಎಂದೆಲ್ಲ ಹೇಳಿದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಇಷ್ಟೆಲ್ಲ ನಿಮಗೆ ಹೇಗೆ ಗೊತ್ತು ಆಂಟಿ? ನಿಮ್ಮ ಮಗೂನೂ ಹೀಗೇ ಹುಟ್ಟಿದ್ದಾ?"

"ಹೌದು. ಮಗಳು."

ಅವಳ ಮುಖ ಅರಳಿತು. "ಹೌದಾ! ಈಗ ಎಷ್ಟನೇ ಕ್ಲಾಸು?"

ಸುಳ್ಳು ಹೇಳಬಹುದಿತ್ತು. ಮೂರನೇ ಕ್ಲಾಸು ಎಂದಿದ್ದರೆ ಆ ದಿನವಾದರೂ ಅವಳು ನಿದ್ದೆ ಮಾಡುತ್ತಿದ್ದಳೇನೋ. ನಾಲಿಗೆಯ ತುದಿಗೂ ಬಂತು.

"ಇಲ್ಲ ಮಗಾ. ಅವಳು ನಲವತ್ತೊಂದು ದಿನ ಇದ್ಲು," ಎಂದೆ. "ನಿನ್ನ ಮಗ ಬೇರೆ, ಅವಳು ಬೇರೆ. ಅವನಿಗೆ ಏನಾಗ್ತದೆ ಅಂತ ನಂಗೆ ಗೊತ್ತಿಲ್ಲ. ಆದ್ರೆ ಅವಳಿಗೆ ನನ್ನ ಸ್ವರ ಗೊತ್ತಿತ್ತು. ನಾನು ಮಾತಾಡಿದ್ರೆ ಹಣೆ ಸಡಿಲ ಮಾಡ್ತಿದ್ಲು."

ರಶ್ಮಿಯ ಅಮ್ಮ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. ಅವರ ತಪ್ಪಲ್ಲ. ನಾನು ಕೈ ಬಿಡಿಸಿಕೊಂಡು ಏಳಬೇಕೆಂದಿದ್ದೆ. ರಶ್ಮಿ ಬಿಡಲಿಲ್ಲ.

"ನಾನು ಒಳಗೆ ಹೋದ್ರೆ ಸುಮ್ಮನೆ ನಿಂತ್ಕೊಂಡ್ಬಿಡ್ತೀನಿ ಆಂಟಿ," ಎಂದಳು. "ಏನ್ ಮಾತಾಡ್ಬೇಕು ಅಂತಾನೇ ಗೊತ್ತಾಗಲ್ಲ. ಅಷ್ಟ್ ಚಿಕ್ಕೋನು. ನೀವು ಏನು ಹೇಳ್ತಿದ್ರಿ?"

"ಎಂತದ್ದಾದ್ರೂ. ಬೆಳಿಗ್ಗೆ ಏನು ತಿಂದೆ ಅಂತ ಹೇಳು. ಮೆಲ್ಲಗೆ ಹೇಳು, ಅಷ್ಟೇ."

ಒಳಗಿನಿಂದ ಅಲ್ಲಿಯ ಸಿಸ್ಟರ್ ಒಬ್ಬರು ಅವಳ ಹೆಸರು ಕರೆದರು. ಅವಳು ಗೋಡೆ ಹಿಡಿದು ಎದ್ದು ಹೋದಳು. ಅವಳ ಅಮ್ಮ ಕಿಟಕಿಯಿಂದ ಬಂದು, ಮಧ್ಯದಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಬೆಂಚಿನಲ್ಲಿ ಕೂತರು. ಸ್ವಲ್ಪ ಹೊತ್ತಿಗೆ ಅವರು ನನ್ನ ತೊಡೆಯ ಮೇಲಿದ್ದ ಗಂಜಿಯ ಡಬ್ಬಿಯನ್ನು ತೆಗೆದುಕೊಂಡು ತಮ್ಮ ತೊಡೆಯ ಮೇಲಿಟ್ಟುಕೊಂಡರು.

ಇಪ್ಪತ್ತು ನಿಮಿಷದ ಮೇಲೆ ರಶ್ಮಿ ಹೊರಗೆ ಬಂದಳು. ಗೌನಿನ ತೋಳಿನಲ್ಲೇ ಮುಖ ಒರೆಸಿಕೊಂಡಿದ್ದಳು.

"ಉಪ್ಪಿಟ್ಟು ತಿಂದೆ ಅಂದೆ ಆಂಟಿ," ಎಂದಳು. "ಒಂದು ಕಣ್ಣು ಬಿಟ್ಟ. ಒಂದೇ ಒಂದು ಕಣ್ಣು."